ರಾಗಿ ಹೊಲವೋ ತಾರಸಿಯೋ: ಬೆಂಗಳೂರಿನ ಕಟ್ಟಿದ ನೆಲವನ್ನು ಉಪಗ್ರಹ ಚಿತ್ರದಲ್ಲಿ ಅಳೆಯುವ ಕೆಲಸದ ದಾಖಲೆ

ಕೆಲಸ ಇಷ್ಟು: 2018–19 ಮತ್ತು 2023–24ರ ಎರಡು ಹಂಗಾಮುಗಳ (ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ) ನಡುವೆ ಬೆಂಗಳೂರಿನ ಸುತ್ತ ಎಷ್ಟು ನೆಲ ಕಟ್ಟಡ, ರಸ್ತೆ, ಕಾಂಕ್ರೀಟಿನ ಪಾಲಾಯಿತು ಎಂದು ಸೆಂಟಿನೆಲ್‌-2 ಎಂಬ ಯುರೋಪಿನ ಉಪಗ್ರಹಗಳ ಚಿತ್ರಗಳಿಂದ ಲೆಕ್ಕ ತೆಗೆಯುವುದು. ಬೇಕಾದ ಸಾಮಗ್ರಿ: 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್, ರೇಡಾರ್ ಚಿತ್ರಗಳಿಗೆ ಸ್ನ್ಯಾಪ್, 50 ಜಿಬಿ ಖಾಲಿ ಜಾಗ. ತಂತ್ರಾಂಶಗಳೂ ಚಿತ್ರಗಳೂ ಪುಕ್ಕಟೆ ಸಿಗುತ್ತವೆ. ಸೆಂಟಿನೆಲ್‌-2ರ ಒಂದು ಪಿಕ್ಸೆಲ್ 10 ಮೀಟರ್‌ಗೆ 10 ಮೀಟರ್, ಅಂದರೆ 100 ಚದರ ಮೀಟರ್. ಬೆಂಗಳೂರಿನವರಿಗೆ ಗೊತ್ತಿರುವ 30×40 ಸೈಟು 1,200 ಚದರಡಿ, ಸುಮಾರು 111 ಚದರ ಮೀಟರ್. ಹಾಗಾಗಿ ಒಂದು ಪಿಕ್ಸೆಲ್ ಎಂದರೆ ಹತ್ತಿರಹತ್ತಿರ ಒಂದು ಸೈಟು ಎಂದು ತಲೆಯಲ್ಲಿಟ್ಟುಕೊಂಡರೆ ಮುಂದಿನ ಎಲ್ಲ ಅಂಕಿಗಳೂ ಕಣ್ಣಿಗೆ ಕಟ್ಟುತ್ತವೆ.

‘ಕಟ್ಟಿದ ನೆಲ’ ಎಂದರೆ ಏನು ಎನ್ನುವುದನ್ನು ಮೊದಲೇ ಬರೆದಿಡಬೇಕು. ಇಲ್ಲಿ ಅದರ ಅರ್ಥ, ಮೇಲಿನಿಂದ ನೋಡಿದಾಗ ಪಿಕ್ಸೆಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಚಾವಣಿ, ಟಾರು, ಕಾಂಕ್ರೀಟು ಅಥವಾ ಕಲ್ಲುಹಾಸು. ಜಯನಗರ, ಮಲ್ಲೇಶ್ವರದ ಹಳೆಯ ಬೀದಿಗಳಲ್ಲಿ ಮರದ ಕೊಂಬೆಗಳು ರಸ್ತೆಯನ್ನೇ ಮುಚ್ಚಿರುತ್ತವೆ. ಈ ವ್ಯಾಖ್ಯೆಯ ಪ್ರಕಾರ ಅಲ್ಲಿನ ರಸ್ತೆ ಹಸಿರು ಎಂದೇ ಲೆಕ್ಕಕ್ಕೆ ಬರುತ್ತದೆ. ಇದನ್ನು ವರದಿಯ ಮೊದಲ ಪುಟದಲ್ಲಿ ಹೇಳದೆ ಹೋದರೆ ಓದುವವರು ನಕ್ಷೆಯೇ ತಪ್ಪು ಎಂದುಕೊಳ್ಳುತ್ತಾರೆ.

ಚೌಕಟ್ಟು ಹಾಕುವುದು

ಆಡಳಿತದ ಗಡಿಯನ್ನು ಅಳತೆಯ ಚೌಕಟ್ಟಾಗಿ ಹಿಡಿಯಬಾರದು. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಆಯಿತು. 2025ರಲ್ಲಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು. ನಡುವೆ ವಾರ್ಡುಗಳ ಗೆರೆಯೂ ಬದಲಾಗಿದೆ. ಗೆರೆ ಸರಿದರೆ ನೆಲ ಕದಲದೆಯೇ ಅಂಕಿ ಬದಲಾಗುತ್ತದೆ. ಅದಕ್ಕೇ ಒಂದು ಚೌಕ: ಯುಟಿಎಂ ಎಂಬ ಮೀಟರ್ ಲೆಕ್ಕದ ನಕ್ಷಾ ಪದ್ಧತಿಯ ವಲಯ 43 ಉತ್ತರ, ತಂತ್ರಾಂಶದಲ್ಲಿ ಅದನ್ನು ಗುರುತಿಸುವ ಇಪಿಎಸ್‌ಜಿ ಸಂಖ್ಯೆ 32643, ಈಸ್ಟಿಂಗ್ 755000ರಿಂದ 805000, ನಾರ್ದಿಂಗ್ 1415000ರಿಂದ 1465000. 50 ಕಿಲೋಮೀಟರ್‌ಗೆ 50 ಕಿಲೋಮೀಟರ್, ಒಟ್ಟು 2,500 ಚದರ ಕಿಲೋಮೀಟರ್. ಉತ್ತರಕ್ಕೆ ಕೆಂಪೇಗೌಡ ವಿಮಾನ ನಿಲ್ದಾಣ, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ಪಶ್ಚಿಮಕ್ಕೆ ನೆಲಮಂಗಲ, ಪೂರ್ವಕ್ಕೆ ಹೊಸಕೋಟೆಯ ಅಂಚಿನವರೆಗೆ ಇದರೊಳಗೆ ಬರುತ್ತದೆ. ಚೌಕ ಪೂರ್ತಿಯಾಗಿ ಸೆಂಟಿನೆಲ್‌ನ 43ಪಿಜಿಕ್ಯೂ ಎಂಬ ಒಂದೇ ಟೈಲಿನಲ್ಲಿ (ಚಿತ್ರಗಳನ್ನು ತುಂಡು ಮಾಡಿ ಕೊಡುವ ಚೌಕದಲ್ಲಿ) ಕೂರುವುದರಿಂದ ಟೈಲುಗಳನ್ನು ಹೊಲಿಯುವ ತಾಪತ್ರಯ ಇಲ್ಲ. ಪೂರ್ವಕ್ಕೆ ಇನ್ನು 5 ಕಿಲೋಮೀಟರ್ ಎಳೆದರೆ ಟೈಲಿನ ಅಂಚು ದಾಟುತ್ತದೆ.

ಬೆಂಗಳೂರು ವಲಯ 43ರ ಮಧ್ಯರೇಖೆಯಿಂದ ಸುಮಾರು 2.6 ಡಿಗ್ರಿ ಪೂರ್ವಕ್ಕಿದೆ. ಅಷ್ಟು ದೂರದಲ್ಲಿ ನಕ್ಷೆಯ ವಿಸ್ತೀರ್ಣ ನೆಲದ ವಿಸ್ತೀರ್ಣಕ್ಕಿಂತ ಶೇ 0.12ರಷ್ಟು ಹೆಚ್ಚು ಬರುತ್ತದೆ, ಇಡೀ ಚೌಕಕ್ಕೆ 3 ಚದರ ಕಿಲೋಮೀಟರ್. ಮುಂದೆ ಬರುವ ತಪ್ಪುಗಳ ಮುಂದೆ ಇದು ಏನೂ ಅಲ್ಲ, ಬಿಟ್ಟುಬಿಡಿ.

ಪೂರ್ತಿ ಟೈಲಿನಲ್ಲಿ ಅಡ್ಡಕ್ಕೂ ಉದ್ದಕ್ಕೂ 10,980 ಪಿಕ್ಸೆಲ್, ಒಟ್ಟು 12 ಕೋಟಿ. ಚೌಕದಲ್ಲಿ ಇರುವುದು 2.5 ಕೋಟಿ. ದಶಾಂಶ ರೂಪದ ಒಂದು ಪದರಕ್ಕೆ 480 ಎಂಬಿ ಎಲ್ಲಿ, 100 ಎಂಬಿ ಎಲ್ಲಿ? ಇಳಿಸಿದ ಕೂಡಲೇ ಮೊದಲು ಕತ್ತರಿಸಿ, ಲೆಕ್ಕ ಆಮೇಲೆ.

ಚಿತ್ರ ಇಳಿಸುವುದು, 1000ದ ಗಂಡಾಂತರ

ಕೋಪರ್ನಿಕಸ್ ಡೇಟಾ ಸ್ಪೇಸ್ ಜಾಲತಾಣದಿಂದ ಎಲ್‌2ಎ ಮಟ್ಟದ ಚಿತ್ರಗಳನ್ನೇ ತೆಗೆದುಕೊಳ್ಳಿ. ಇವುಗಳಲ್ಲಿ ವಾತಾವರಣದ ಮಬ್ಬನ್ನು ಕಳೆದಿರುತ್ತಾರೆ. ಬೇಕಾದ ಪಟ್ಟಿಗಳು (ಬ್ಯಾಂಡ್‌ಗಳು, ಅಂದರೆ ಬೆಳಕಿನ ಒಂದೊಂದು ಭಾಗದಲ್ಲಿ ತೆಗೆದ ಚಿತ್ರಗಳು) ನಾಲ್ಕು: ಹಸಿರು ಬಿ3, ಕೆಂಪು ಬಿ4, ಸಮೀಪ ಅವಕೆಂಪು ಬಿ8, ಕಿರುತರಂಗ ಅವಕೆಂಪು ಬಿ11. ಜೊತೆಗೆ ಮೋಡ ಗುರುತಿಸುವ ಎಸ್‌ಸಿಎಲ್ ಪದರ. ಮೊದಲ ಮೂರು 10 ಮೀಟರ್‌ನವು, ಬಿ11 ಮತ್ತು ಎಸ್‌ಸಿಎಲ್ 20 ಮೀಟರ್‌ನವು. ಬಿ11ನ್ನು 10 ಮೀಟರ್‌ಗೆ ಇಳಿಸುವಾಗ ಅಕ್ಕಪಕ್ಕದ ಮೌಲ್ಯಗಳನ್ನು ಬೆರೆಸುವ ಬೈಲೀನಿಯರ್ ವಿಧಾನ, ಎಸ್‌ಸಿಎಲ್‌ಗೆ ಹತ್ತಿರದ ಮೌಲ್ಯವನ್ನೇ ಹಾಗೇ ಎತ್ತಿಕೊಳ್ಳುವ ನಿಯರೆಸ್ಟ್ ನೇಬರ್. ಇದು ತಿರುಗಾಮುರುಗಾ ಆದರೆ 4 ಎಂಬ ಗಿಡಮರದ ಸಂಖ್ಯೆ ಮತ್ತು 8 ಎಂಬ ಮೋಡದ ಸಂಖ್ಯೆ ಬೆರೆತು ನಡುವೆ 6 ಎಂಬ ನೀರು ಹುಟ್ಟಿಕೊಳ್ಳುತ್ತದೆ!

ಈ ಕೆಲಸದಲ್ಲಿ ಅತಿ ಹೆಚ್ಚು ನಕ್ಷೆಗಳನ್ನು ಸದ್ದಿಲ್ಲದೆ ಕೆಡಿಸುವ ತಪ್ಪು ಇನ್ನೊಂದಿದೆ. 2022ರ ಜನವರಿ 25ರಿಂದ, ಸಂಸ್ಕರಣಾ ಆವೃತ್ತಿ 04.00 ಬಂದಾಗಿನಿಂದ, ಎಲ್ಲ ಪಿಕ್ಸೆಲ್ ಮೌಲ್ಯಗಳಿಗೂ 1000 ಸೇರಿಸಿ ಕೊಡುತ್ತಾರೆ. ಅದನ್ನು ಕಳೆದು, 10000ದಿಂದ ಭಾಗಿಸಿದರೆ ಪ್ರತಿಫಲನ ಸಿಗುತ್ತದೆ. ಕಳೆಯದಿದ್ದರೆ ಏನಾಗುತ್ತದೆ ನೋಡಿ. ಒಂದು ದಟ್ಟ ಮರದ ಪಿಕ್ಸೆಲ್‌ನಲ್ಲಿ ಕೆಂಪು 400, ಅವಕೆಂಪು 3000 ಇರಲಿ. ಎನ್‌ಡಿವಿಐ ಎಂಬ ಹಸಿರಿನ ಸೂಚ್ಯಂಕ ಎಂದರೆ ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದ್ದು: 2600ನ್ನು 3400ರಿಂದ ಭಾಗಿಸಿದರೆ 0.76. ಅದೇ ಮರ 2023ರ ಕಡತದಲ್ಲಿ 1400 ಮತ್ತು 4000 ಎಂದು ಬರುತ್ತದೆ. ವ್ಯತ್ಯಾಸ ಅದೇ 2600, ಮೊತ್ತ ಮಾತ್ರ 5400, ಉತ್ತರ 0.48. ಒಂದೂ ಮರ ಬೀಳದೆ ಊರಿನ ಹಸಿರು ಮೂರನೇ ಒಂದು ಪಾಲು ಇಳಿದಂತೆ ನಕ್ಷೆ ತೋರಿಸುತ್ತದೆ. ಮರಗಳ ಬಗ್ಗೆ ಕಾಳಜಿ ಇರುವ ಊರಿನಲ್ಲಿ ಇಂಥ ನಕ್ಷೆ ಬಹಳ ಬೇಗ ಹರಡುತ್ತದೆ. ಹಾಗಾಗಿ ಈ ಹಂತದಲ್ಲಿ ಆತುರ ಬೇಡ.

ಚಿತ್ರದ ದಿನಾಂಕ ನೋಡಿ ತೀರ್ಮಾನಿಸುವುದೂ ತಪ್ಪೇ. ಹಳೆಯ ಚಿತ್ರಗಳನ್ನು ಆಮೇಲೆ 05.00 ಆವೃತ್ತಿಯಲ್ಲಿ ಮರುಸಂಸ್ಕರಿಸಿದ್ದಾರೆ, ಅವಕ್ಕೂ 1000 ಸೇರಿರುತ್ತದೆ. 2019ರ ಒಂದೇ ದಿನದ ಚಿತ್ರ ಎರಡು ಆವೃತ್ತಿಗಳಲ್ಲಿ ಕೈಗೆ ಸಿಗಬಹುದು. ಕಡತದ ಹೆಸರಿನಲ್ಲಿ ಎನ್ ಅಕ್ಷರದ ಮುಂದಿನ ನಾಲ್ಕು ಅಂಕಿ ಓದಿ. ಅದು 0400 ಅಥವಾ ಹೆಚ್ಚಿದ್ದರೆ 1000 ಕಳೆಯಿರಿ, ಕಡಿಮೆ ಇದ್ದರೆ ಮುಟ್ಟಬೇಡಿ.

ಕಳೆಯುವಾಗ ಇನ್ನೆರಡು ಎಚ್ಚರ. ಮೌಲ್ಯ 0 ಇರುವುದು ಮಾಹಿತಿ ಇಲ್ಲದ ಪಿಕ್ಸೆಲ್, ಅದನ್ನು ಮೊದಲೇ ಬೇರೆ ಮಾಡದಿದ್ದರೆ −1000 ಆಗಿ ಲೆಕ್ಕಕ್ಕೆ ಸೇರುತ್ತದೆ. ಎತ್ತರದ ಕಟ್ಟಡದ ನೆರಳಲ್ಲಿ, ಕೆರೆಯ ನಡುವೆ ನಿಜವಾದ ಮೌಲ್ಯವೇ 980 ಇರಬಹುದು, ಕಳೆದರೆ −20. ಅದನ್ನು 1ಕ್ಕೆ ಏರಿಸಿ, ಇಲ್ಲದಿದ್ದರೆ ಸೂಚ್ಯಂಕ 1ನ್ನು ದಾಟಿ ಹೋಗುತ್ತದೆ. ಪೈಥಾನ್‌ನಲ್ಲಿ ಮಾಡುವವರು ಕಡತದ ಪೂರ್ಣಾಂಕಗಳನ್ನು ಮೊದಲು ದಶಾಂಶಕ್ಕೆ ಬದಲಿಸಿಕೊಳ್ಳಬೇಕು. ಚಿಹ್ನೆ ಇಲ್ಲದ 16 ಬಿಟ್ ಅಂಕಿಗಳಲ್ಲಿ 400ರಿಂದ 1000 ಕಳೆದರೆ −600 ಅಲ್ಲ, 64936 ಬರುತ್ತದೆ, ತಪ್ಪಾಯಿತು ಎಂಬ ಸೂಚನೆ ಬರುವುದೇ ಇಲ್ಲ.

ಸರಿಯಾಯಿತೇ ಎಂದು ನೋಡಲು ಲಾಲ್‌ಬಾಗ್ ಒಳ್ಳೆಯ ಜಾಗ. 240 ಎಕರೆ, ಹಳೆಯ ಮರಗಳು. ಎರಡೂ ವರ್ಷದ ಒಂದೇ ತಿಂಗಳಿನ ಸರಾಸರಿ ಎನ್‌ಡಿವಿಐ ಅಲ್ಲಿ ಹೆಚ್ಚುಕಡಿಮೆ ಹೊಂದಬೇಕು. 0.1ಕ್ಕಿಂತ ಹೆಚ್ಚು ಅಂತರ ಕಂಡರೆ ಮುಂದಕ್ಕೆ ಹೋಗದೆ 1000ದ ಲೆಕ್ಕವನ್ನು ಮತ್ತೊಮ್ಮೆ ನೋಡಿ.

ಮೋಡವಲ್ಲ, ಶೀಟು

ಎಸ್‌ಸಿಎಲ್‌ನ 3, 8, 9, 10 ಸಂಖ್ಯೆಗಳು ಮೋಡದ ನೆರಳು, ಮೋಡ, ತೆಳು ಮೋಡ. ಇವನ್ನು ಮರೆಮಾಡಿದರೆ ಸಾಕು ಅನ್ನಿಸುತ್ತದೆ. ಆದರೆ ಪೀಣ್ಯದ ಶೆಡ್ಡುಗಳ, ವೈಟ್‌ಫೀಲ್ಡ್ ಕಡೆಯ ಗೋದಾಮುಗಳ ಹೊಳೆಯುವ ಬಿಳಿ ಶೀಟುಗಳನ್ನೂ ಈ ಪದರ ಮೋಡ ಎಂದುಬಿಡುತ್ತದೆ. ಕುರುಡಾಗಿ ಮರೆಮಾಡಿದರೆ ಖಾತ್ರಿಯಾಗಿ ಕಟ್ಟಡವಾಗಿರುವ ಪಿಕ್ಸೆಲ್‌ಗಳೇ ನಕ್ಷೆಯಲ್ಲಿ ತೂತಾಗುತ್ತವೆ. ಉಪಾಯ ಸರಳ: ಪ್ರತಿ ಪಿಕ್ಸೆಲ್ ಎಷ್ಟು ದಿನ ಮೋಡ ಎನಿಸಿಕೊಂಡಿದೆ ಎಂದು ಎಣಿಸಿ. ಮೋಡ ಒಂದೇ ಜಾಗದಲ್ಲಿ ಆರು ತಿಂಗಳು ನಿಲ್ಲುವುದಿಲ್ಲ. ಜನವರಿಯಿಂದ ಮಾರ್ಚ್‌ವರೆಗಿನ ತಿಳಿ ಆಕಾಶದ ದಿನಗಳಲ್ಲೂ ಮುಕ್ಕಾಲು ಪಾಲು ಸಲ ಮೋಡ ಎನಿಸಿದ್ದರೆ ಅದು ಚಾವಣಿಯೇ, ಮರೆಯಿಂದ ವಾಪಸ್ ತನ್ನಿ.

ಕೆಮ್ಮಣ್ಣಿನ ಸಮಸ್ಯೆ

ಪಠ್ಯಗಳಲ್ಲಿ ಕಟ್ಟಡ ಗುರುತಿಸಲು ಎನ್‌ಡಿಬಿಐ ಎಂಬ ಸೂಚ್ಯಂಕ ಹೇಳಿಕೊಡುತ್ತಾರೆ: ಬಿ11ರಿಂದ ಬಿ8 ಕಳೆದು ಎರಡರ ಮೊತ್ತದಿಂದ ಭಾಗಿಸುವುದು, ಸೊನ್ನೆಗಿಂತ ಹೆಚ್ಚಿದ್ದರೆ ಕಟ್ಟಡ. ಫೆಬ್ರವರಿಯ ಒಂದು ತಿಳಿಯಾದ ಚಿತ್ರ ತೆಗೆದುಕೊಂಡು ಇದನ್ನು ಹಾಕಿದರೆ ದೇವನಹಳ್ಳಿಯಿಂದ ಹೊಸಕೋಟೆವರೆಗೆ ಹೊಲಗಳೆಲ್ಲ ಊರಾಗಿ ಹೊಳೆಯುತ್ತವೆ. ಕಾರಣ ಮಣ್ಣಿನಲ್ಲಿದೆ. ಒಣಗಿದ ಕೆಮ್ಮಣ್ಣಿನ ಪ್ರತಿಫಲನ ಅವಕೆಂಪಿನಿಂದ ಕಿರುತರಂಗದ ಕಡೆಗೆ ಏರುತ್ತಾ ಹೋಗುತ್ತದೆ, ಕಾಂಕ್ರೀಟಿನದೂ ಹಾಗೆಯೇ. ಕೊಯ್ಲಾದ ರಾಗಿ ಹೊಲದಲ್ಲಿ ಬಿ8 2600, ಬಿ11 3400 ಇದ್ದರೆ ಸೂಚ್ಯಂಕ 0.13. ತಾರಸಿಯಲ್ಲಿ 2400 ಮತ್ತು 2800 ಇದ್ದರೆ 0.08. ಹೊಲವೇ ತಾರಸಿಗಿಂತ ಹೆಚ್ಚು ‘ಕಟ್ಟಡ’! ಮಿತಿಯನ್ನು ಎಷ್ಟೇ ಸರಿಸಿದರೂ ಇವೆರಡು ಬೇರೆಯಾಗುವುದಿಲ್ಲ. ತಪ್ಪು ಮಿತಿಯದಲ್ಲ, ಒಂದೇ ದಿನದ ಚಿತ್ರವನ್ನು ನಂಬಿದ್ದು.

ಬೇರೆ ಮಾಡುವುದು ಮಳೆ. ಮುಂಗಾರಿನಲ್ಲಿ ಬಿತ್ತಿದ ರಾಗಿ ನವೆಂಬರ್, ಡಿಸೆಂಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ, ಅದಕ್ಕೆ ಮುಂಚೆ ಹೊಲ ಹಸಿರಾಗಿರುತ್ತದೆ. ತಾರಸಿ ಎಂದೂ ಹಸಿರಾಗುವುದಿಲ್ಲ. ಸ್ವಭಾವ ತೋರಿಸಲು ದುಂಡು ಅಂಕಿಗಳಲ್ಲಿ ಹೇಳುವುದಾದರೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹೊಲದ ಎನ್‌ಡಿವಿಐ 0.68, 0.60, 0.30, 0.20, 0.17, 0.16 ಎಂದು ಇಳಿಯುತ್ತದೆ. ತಾರಸಿಯದು ಆರೂ ತಿಂಗಳು 0.08ರ ಆಸುಪಾಸು. ಫೆಬ್ರವರಿಯ ಚಿತ್ರ ನೋಡುವವನಿಗೆ 0.17 ಮತ್ತು 0.08ರ ನಡುವಿನ ಸಣ್ಣ ಸಂದು ಮಾತ್ರ ಕಾಣುತ್ತದೆ, ಅಕ್ಟೋಬರ್ ಸೇರಿಸಿದವನಿಗೆ 0.68 ಮತ್ತು 0.08. ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ ಇದನ್ನು ಪರೀಕ್ಷಿಸಿ ನೋಡಿ. ಮಾರ್ಚ್‌ನಲ್ಲಿ ಬೋಳಾಗಿ ಕಾಣುವ ನೆಲ ಮಳೆಗಾಲದ ಕೊನೆಯ ಚಿತ್ರದಲ್ಲಿ ಹಸಿರು.

ಹಾಗಾಗಿ ಒಂದು ಹಂಗಾಮಿಗೆ 8ರಿಂದ 10 ಚಿತ್ರ ಇಳಿಸಿ: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕನಿಷ್ಠ 4, ಜನವರಿಯಿಂದ ಮಾರ್ಚ್‌ವರೆಗೆ 4. ಎರಡು ಉಪಗ್ರಹಗಳು ಸೇರಿ 5 ದಿನಕ್ಕೊಮ್ಮೆ ಹಾದುಹೋಗುವುದರಿಂದ ಬೇಸಿಗೆಯಲ್ಲಿ ಆಯ್ಕೆ ಧಾರಾಳ. ಅಕ್ಟೋಬರ್‌ನಲ್ಲಿ ಅರ್ಧ ಮೋಡ ಕವಿದ ಚಿತ್ರವನ್ನೂ ಬಿಡಬೇಡಿ, ಒಂದರಲ್ಲಿ ಮುಚ್ಚಿದ್ದು ಇನ್ನೊಂದರಲ್ಲಿ ತೆರೆದಿರುತ್ತದೆ. ಪ್ರತಿ ಪಿಕ್ಸೆಲ್‌ಗೂ ಎನ್‌ಡಿವಿಐ ಮೌಲ್ಯಗಳನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ ಎರಡನೆಯದನ್ನು ಎತ್ತಿಕೊಳ್ಳಿ. ಮೊದಲನೆಯದು ಬೇಡ. ಒಂದು ಚಿತ್ರ ಅರ್ಧ ಪಿಕ್ಸೆಲ್ ಸರಿದು ಕೂತಿದ್ದರೂ ಪಕ್ಕದ ಮರ ರಸ್ತೆಯ ಮೇಲೆ ಬಂದು, ಗರಿಷ್ಠ ಮೌಲ್ಯ ರಸ್ತೆಯನ್ನು ನುಂಗಿಬಿಡುತ್ತದೆ. ಎರಡನೆಯ ಗರಿಷ್ಠದ ಹಿಸ್ಟೋಗ್ರಾಮ್ (ಯಾವ ಮೌಲ್ಯದ ಪಿಕ್ಸೆಲ್ ಎಷ್ಟಿವೆ ಎಂಬ ರೇಖಾಚಿತ್ರ) ತೆಗೆದರೆ ಎರಡು ದಿಬ್ಬ ಕಾಣುತ್ತವೆ, ನಡುವಿನ ಕಣಿವೆಯೇ ಮಿತಿ, ಅದಕ್ಕಿಂತ ಕೆಳಗಿದ್ದರೆ ಎಂದೂ ಹಸಿರಾಗದ ನೆಲ. 0.40ರಿಂದ ಶುರುಮಾಡಿ ಕಣಿವೆಗೆ ಹೊಂದಿಸಿಕೊಳ್ಳಿ. ಮಳೆ ಕಡಿಮೆಯಾದ ವರ್ಷ ಕಣಿವೆ ಎಡಕ್ಕೆ ಸರಿಯುತ್ತದೆ, ಆದ್ದರಿಂದ ಒಂದು ವರ್ಷದ ಮಿತಿಯನ್ನು ಇನ್ನೊಂದಕ್ಕೆ ಹೊರಿಸಬೇಡಿ.

ಇಷ್ಟಾದ ಮೇಲೂ ಹಸಿರಾಗದೆ ಉಳಿಯುವ ಕಟ್ಟಡವಲ್ಲದ ನೆಲ ಇದೆ: ಕಲ್ಲು ಕ್ವಾರಿ, ಹಾಸುಬಂಡೆ, ಜೆಸಿಬಿ ಹೊಡೆದು ಮಟ್ಟ ಮಾಡಿದ ಹೊಸ ಬಡಾವಣೆ, ಹೂವು ಬೆಳೆಯುವ ಪಾಲಿಹೌಸ್. ನೀಲಗಿರಿ ತೋಪು ಕಡಿದ ವರ್ಷವೂ ಅಲ್ಲಿನ ನೆಲ ಬೋಳೇ. ಬಂಡೆ, ಕ್ವಾರಿಗಳನ್ನು ಕೈಯಲ್ಲೇ ಗೆರೆ ಎಳೆದು ಬೇರೆ ಪದರ ಮಾಡುವುದು ಉತ್ತಮ. ಬಂಡೆ ಎಲ್ಲಿಗೂ ಹೋಗುವುದಿಲ್ಲ, ಒಮ್ಮೆ ಎಳೆದರೆ ಎರಡೂ ವರ್ಷಕ್ಕೆ ಬರುತ್ತದೆ. ಪಾಲಿಹೌಸಿಗೂ ಕೈಯೇ ಗತಿ.

ರೇಡಾರ್ ಎಲ್ಲಿವರೆಗೆ

ಮಟ್ಟ ಮಾಡಿದ ಖಾಲಿ ಸೈಟನ್ನೂ ಮನೆ ಎದ್ದ ಸೈಟನ್ನೂ ಬೇರ್ಪಡಿಸಲು ಸೆಂಟಿನೆಲ್‌-1 ರೇಡಾರ್ ಬೇಕು. ಗೋಡೆ ಮತ್ತು ನೆಲ ಸೇರುವ ಮೂಲೆಗೆ ಬಡಿದ ಅಲೆ ನೇರವಾಗಿ ಉಪಗ್ರಹಕ್ಕೇ ಮರಳುವುದರಿಂದ ಕಟ್ಟಡ ಹೊಳೆಯುತ್ತದೆ. ಬೋಳು ಮಣ್ಣು ಮಂಕಾಗಿರುತ್ತದೆ. ವಿವಿ ಧ್ರುವೀಕರಣದ (ಅಲೆಯನ್ನು ಲಂಬವಾಗಿ ಕಳಿಸಿ ಲಂಬವಾಗಿಯೇ ಹಿಡಿದ) ಚಿತ್ರಗಳನ್ನು ಸ್ನ್ಯಾಪ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿ, ಎಸ್‌ಆರ್‌ಟಿಎಂ ಎತ್ತರದ ಮಾಹಿತಿ ಕೊಟ್ಟು ಭೂಮೇಲ್ಮೈ ತಿದ್ದುಪಡಿ ಮುಗಿಸಿ, ಹಂಗಾಮಿನ ಎಲ್ಲ ಚಿತ್ರಗಳ ಸರಾಸರಿ ತೆಗೆಯಿರಿ. ಸರಾಸರಿ ತೆಗೆಯಬೇಕಾದದ್ದು ಮೂಲ ಮೌಲ್ಯದಲ್ಲಿ, ಡೆಸಿಬೆಲ್‌ನಲ್ಲಿ ಅಲ್ಲ. ಡೆಸಿಬೆಲ್‌ಗೆ ಬದಲಿಸುವುದು ಕೊನೆಗೆ. −8 ಡೆಸಿಬೆಲ್‌ಗಿಂತ ಮೇಲಿದ್ದರೆ ಕಟ್ಟಡ ಎಂದು ಆರಂಭಿಸಬಹುದು. ಎರಡೂ ವರ್ಷಕ್ಕೆ ಉಪಗ್ರಹ ಒಂದೇ ದಿಕ್ಕಿನಲ್ಲಿ ಹಾದ ಚಿತ್ರಗಳೇ ಇರಬೇಕು. ಬೀದಿಯ ಸಾಲು ಉಪಗ್ರಹದ ಹಾದಿಗೆ ಸಮಾನಾಂತರವಾಗಿದ್ದರೆ ಮನೆಗಳು ಪ್ರಖರವಾಗಿ, ಓರೆಯಾಗಿದ್ದರೆ ಅವೇ ಮನೆಗಳು ಮಂಕಾಗಿ ಕಾಣುತ್ತವೆ.

ರೇಡಾರ್ ಷರತ್ತನ್ನು ಎಲ್ಲ ಪಿಕ್ಸೆಲ್‌ಗೂ ಕಡ್ಡಾಯ ಮಾಡಿದರೆ ವಿಮಾನ ನಿಲ್ದಾಣದ ರನ್‌ವೇ ಮಾಯವಾಗುತ್ತದೆ. ನುಣುಪಾದ ನೆಲಕ್ಕೆ ಬಡಿದ ಅಲೆ ಕನ್ನಡಿಗೆ ಬಡಿದಂತೆ ಆಚೆಗೆ ಜಾರಿಹೋಗುತ್ತದೆ, ಉಪಗ್ರಹಕ್ಕೆ ಮರಳುವುದು ಬಹಳ ಕಡಿಮೆ. ಅಗಲ ರಸ್ತೆಗಳದೂ ಇದೇ ಕಥೆ. ಆದ್ದರಿಂದ ಎಂದೂ ಹಸಿರಾಗದ ನೆಲವನ್ನು ರೇಡಾರ್‌ನಿಂದ ಎರಡು ಪಾಲು ಮಾಡಿ. ಹೊಳೆಯುವುದು ಕಟ್ಟಡ, ಖಚಿತ. ಮಂಕಾಗಿರುವುದು ‘ಟಾರು ಅಥವಾ ಬೋಳು’. ಈ ಎರಡನೇ ಪಾಲನ್ನು ರಸ್ತೆಗಳ ನಕ್ಷೆಯೊಡನೆ ತಾಳೆ ನೋಡಿ ಕೈಯಲ್ಲಿ ಬಿಡಿಸಬೇಕು. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೇ.

ಕೆರೆಗಳು

ನೀರಿಗೆ ಬಿ3 ಮತ್ತು ಬಿ11ರ ಸೂಚ್ಯಂಕ ಎಂಎನ್‌ಡಿಡಬ್ಲ್ಯುಐ ಒಳ್ಳೆಯದು, ಬಿ8 ಬಳಸುವ ಹಳೆಯ ಸೂಚ್ಯಂಕ ಊರೊಳಗೆ ಕಟ್ಟಡಗಳನ್ನೂ ನೀರು ಎನ್ನುತ್ತದೆ. ಆದರೆ ಬೆಳ್ಳಂದೂರು, ವರ್ತೂರಿನಂಥ ಕೆರೆಗಳಲ್ಲಿ ಯಾವ ನೀರಿನ ಸೂಚ್ಯಂಕವೂ ಸಾಲದು. ನೀರಿನ ಮೇಲೆ ಅಂತರಗಂಗೆ ಹಬ್ಬಿದರೆ ಎನ್‌ಡಿವಿಐ 0.7 ದಾಟುತ್ತದೆ, ನಕ್ಷೆ ಅದನ್ನು ತೋಟ ಎನ್ನುತ್ತದೆ. ಹೂಳೆತ್ತಲು ನೀರು ಹರಿಸಿ ಖಾಲಿ ಮಾಡಿದ ವರ್ಷ ಅದೇ ಅಂಗಳ ಬೋಳು ಮಣ್ಣು. ಎರಡನ್ನೂ ‘ಕೆರೆ ಹೋಯಿತು’ ಎಂದು ಬರೆಯುವುದು ಕೆರೆಗೆ ಮಾಡುವ ಅನ್ಯಾಯ. ಒತ್ತುವರಿಯಾಗಿ ನಿಜಕ್ಕೂ ಹೋದ ಕೆರೆಗಳ ಲೆಕ್ಕ ಇವುಗಳ ನಡುವೆ ಮುಚ್ಚಿಹೋಗುತ್ತದೆ. ಕೆರೆಯ ಗಡಿಯನ್ನು ಕಂದಾಯ ನಕ್ಷೆಯಿಂದ ಬೇರೆ ಪದರವಾಗಿ ತಂದು, ಅದರೊಳಗೆ ನೀರು, ಜೊಂಡು, ಒಣ ಅಂಗಳ, ಕಟ್ಟಿದ ನೆಲ ಎಂದು ನಾಲ್ಕು ಅಂಕಿ ಕೊಡಿ. ಕೊನೆಯದು ಮಾತ್ರ ಕಳೆದುಹೋದ ಕೆರೆ.

ಎಣಿಕೆ

ನಾಲ್ಕಕ್ಕಿಂತ ಕಡಿಮೆ ಪಿಕ್ಸೆಲ್‌ಗಳ ಒಂಟಿ ಚುಕ್ಕೆಗಳನ್ನು ಸೀವ್ ಉಪಕರಣದಿಂದ ತೆಗೆಯಿರಿ. ಇನ್ನೂ ದೊಡ್ಡ ಜರಡಿ ಹಿಡಿದರೆ ತೋಟದ ಮನೆಗಳು ಹೋಗುತ್ತವೆ. ಆಮೇಲೆ ಚೌಕವನ್ನು 1 ಕಿಲೋಮೀಟರಿನ 2,500 ಸಣ್ಣ ಚೌಕಗಳಾಗಿ ಹಂಚಿ, ಝೋನಲ್ ಸ್ಟ್ಯಾಟಿಸ್ಟಿಕ್ಸ್ ಉಪಕರಣದಿಂದ ಪ್ರತಿಯೊಂದರಲ್ಲಿ ಕಟ್ಟಿದ ಪಿಕ್ಸೆಲ್ ಎಷ್ಟೆಂದು ಎಣಿಸಿ. ಒಂದು ಸಣ್ಣ ಚೌಕದಲ್ಲಿ 10,000 ಪಿಕ್ಸೆಲ್ ಇರುವುದರಿಂದ ಎಣಿಕೆಯನ್ನು 100ರಿಂದ ಭಾಗಿಸಿದರೆ ನೇರವಾಗಿ ಶೇಕಡ.

ಎರಡು ವರ್ಷಗಳನ್ನು ಹೋಲಿಸುವಾಗ ಮೊದಲು ನೋಡಬೇಕಾದದ್ದು ಹಿಮ್ಮುಖ ಬದಲಾವಣೆ: 2018–19ರಲ್ಲಿ ಕಟ್ಟಿದ ನೆಲ, 2023–24ರಲ್ಲಿ ಅಲ್ಲ. ಕೆಡವಿದ ಕಟ್ಟಡ, ಬೆಳೆದ ಬೀದಿಮರ ಬಿಟ್ಟರೆ ಇದು ಆಗಬಾರದ್ದು. ಇದರ ಮೊತ್ತ ಮುಮ್ಮುಖ ಬದಲಾವಣೆಯ ಕಾಲು ಭಾಗಕ್ಕೆ ಬಂದರೂ ಮಿತಿಗಳಲ್ಲಿ ದೋಷವಿದೆ ಎಂದೇ ತಿಳಿಯಿರಿ. ಇಷ್ಟು ಸುಲಭವಾಗಿ ಸಿಗುವ ತಪಾಸಣೆ ಇನ್ನೊಂದಿಲ್ಲ.

ಪಿಕ್ಸೆಲ್ ಎಣಿಸಿ ಬಂದದ್ದು ಉತ್ತರವಲ್ಲ, ಅಂದಾಜಿನ ಆರಂಭ. ಲೆಕ್ಕದ ರೀತಿ ತೋರಿಸಲು ಒಂದು ಉದಾಹರಣೆ ಇಟ್ಟುಕೊಳ್ಳಿ. ನಕ್ಷೆಯಲ್ಲಿ 800 ಚದರ ಕಿಲೋಮೀಟರ್ ಕಟ್ಟಿದ ನೆಲ, 1,700 ಉಳಿದದ್ದು. ಎರಡರಿಂದಲೂ 150 ಬಿಂದುಗಳನ್ನು ಯಾದೃಚ್ಛಿಕವಾಗಿ ಆರಿಸಿ, ಗೂಗಲ್ ಅರ್ಥ್ ಪ್ರೊದ ಹಳೆಯ ಚಿತ್ರಗಳಲ್ಲಿ ಪರೀಕ್ಷಿಸಿದಿರಿ. ಕಟ್ಟಿದ ನೆಲದ 150ರಲ್ಲಿ 129 ಸರಿ, ಶೇ 86. ಉಳಿದದ್ದರ 150ರಲ್ಲಿ 6 ನಿಜಕ್ಕೂ ಕಟ್ಟಡ, ಶೇ 4. ತಿದ್ದಿದ ವಿಸ್ತೀರ್ಣ 800ರ ಶೇ 86, ಅಂದರೆ 688, ಅದಕ್ಕೆ 1,700ರ ಶೇ 4, ಅಂದರೆ 68 ಸೇರಿ 756. ಪ್ರಮಾಣ ದೋಷ (ಕೆಲವೇ ಬಿಂದು ನೋಡಿದ್ದರಿಂದ ಬರುವ ಅನಿಶ್ಚಿತತೆ) ತೆಗೆದು ಶೇ 95ರ ವಿಶ್ವಾಸದಲ್ಲಿ ಹೇಳಿದರೆ 756ಕ್ಕೆ 70 ಹೆಚ್ಚು ಅಥವಾ 70 ಕಡಿಮೆ. ಎರಡು ವರ್ಷಗಳ ಇಂಥ ಅಂಕಿಗಳನ್ನು ಕಳೆದು ‘40 ಚದರ ಕಿಲೋಮೀಟರ್ ಹೆಚ್ಚಾಯಿತು’ ಎಂದರೆ ಅದಕ್ಕೆ ಬೆಲೆ ಇಲ್ಲ.

ಆ 70ನ್ನು ಇಳಿಸುವ ದಾರಿ ಇದೆ. ಲೆಕ್ಕ ಬಿಡಿಸಿ ನೋಡಿದರೆ ದೋಷದ ದೊಡ್ಡ ಪಾಲು ಬರುತ್ತಿರುವುದು ಆ ಶೇ 4ರಿಂದ, ಯಾಕೆಂದರೆ ಅದು 1,700ಕ್ಕೆ ಗುಣಿಸಲ್ಪಡುತ್ತದೆ. ಬಿಟ್ಟುಹೋದ ಕಟ್ಟಡಗಳು ಹೆಚ್ಚಾಗಿ ಊರಿನ ಅಂಚಿನಲ್ಲೇ ಇರುತ್ತವೆ. ಕಟ್ಟಿದ ನೆಲದಿಂದ 50 ಮೀಟರ್ ಒಳಗಿನ ಪಟ್ಟಿಯನ್ನು ಬೇರೆ ಗುಂಪು ಮಾಡಿ, ಹೆಚ್ಚಿನ ಬಿಂದುಗಳನ್ನು ಅಲ್ಲಿಗೆ ಹಾಕಿ. ಬದಲಾವಣೆಗೂ ಪ್ರತ್ಯೇಕ ಗುಂಪು ಇರಲಿ, ಎರಡು ನಕ್ಷೆಗಳನ್ನು ಕಳೆಯುವ ಬದಲು ‘ಹೊಸದಾಗಿ ಕಟ್ಟಿದ್ದು’ ಎಂದು ತೋರುವ ಪಿಕ್ಸೆಲ್‌ಗಳನ್ನೇ ಪರೀಕ್ಷಿಸಿ. ಬಿಂದು ನೋಡುವವರಿಗೆ ನಕ್ಷೆ ಏನು ಹೇಳಿದೆ ಎಂದು ಗೊತ್ತಿರಬಾರದು, ಇಬ್ಬರು ಬೇರೆಬೇರೆಯಾಗಿ ನೋಡಬೇಕು. ಎತ್ತರದ ಕಟ್ಟಡ ಚಿತ್ರದಲ್ಲಿ ವಾಲಿರುತ್ತದೆ, ತುದಿಯನ್ನಲ್ಲ, ಬುಡವನ್ನು ನೋಡಿ.

ಹಿಂದಿನ ದಶಕಗಳಿಗೆ ಹೋಗುವುದಾದರೆ

2015ಕ್ಕಿಂತ ಹಿಂದೆ ಸೆಂಟಿನೆಲ್‌-2 ಇಲ್ಲ, ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರ ಬೇಕು. ಬೆಂಗಳೂರಿಗೆ ಪಾತ್ (ಉಪಗ್ರಹದ ಹಾದಿ) 144, ರೋ (ಆ ಹಾದಿಯಲ್ಲಿನ ಸಾಲು) 51. ಪಿಕ್ಸೆಲ್ 30 ಮೀಟರ್, 900 ಚದರ ಮೀಟರ್, ಎಂಟು ಸೈಟು ಒಂದರಲ್ಲಿ. ಕಲೆಕ್ಷನ್ 2, ಹಂತ 2ರ (ವಾತಾವರಣದ ಮಬ್ಬು ಕಳೆದ ಚಿತ್ರಗಳ) ಮೌಲ್ಯಗಳನ್ನು 0.0000275ರಿಂದ ಗುಣಿಸಿ 0.2 ಕಳೆಯಬೇಕು. ಇದನ್ನು ಬಿಟ್ಟರೆ ಸೆಂಟಿನೆಲ್‌ನ 1000ದಂಥದೇ ಅನಾಹುತ. ಪಟ್ಟಿಗಳ ಸಂಖ್ಯೆ ಬೇರೆ: ಲ್ಯಾಂಡ್‌ಸ್ಯಾಟ್ 5ರಲ್ಲಿ ಕೆಂಪು 3, ಅವಕೆಂಪು 4, ಕಿರುತರಂಗ 5. ಲ್ಯಾಂಡ್‌ಸ್ಯಾಟ್ 8ರಲ್ಲಿ ಅವೇ 4, 5, 6. ಹೋಲಿಕೆಗೆ ಲ್ಯಾಂಡ್‌ಸ್ಯಾಟ್‌ನ ಪಿಕ್ಸೆಲ್‌ಗಳನ್ನು 10 ಮೀಟರ್‌ಗೆ ಕೊಯ್ಯಬೇಡಿ, ಸೆಂಟಿನೆಲ್‌ನ ಪಿಕ್ಸೆಲ್‌ಗಳನ್ನು 30 ಮೀಟರ್‌ಗೆ ಕೂಡಿಸಿ. ಲ್ಯಾಂಡ್‌ಸ್ಯಾಟ್‌ನ ಜಾಲ ದುಂಡು ಅಂಕಿಯಿಂದ 15 ಮೀಟರ್ ಸರಿದು ಕೂತಿರುತ್ತದೆ, ಕೂಡಿಸುವಾಗ ಆ ಜಾಲಕ್ಕೇ ಹೊಂದಿಸಿ.

2012ನ್ನು ಮೂಲವರ್ಷವಾಗಿ ಇಟ್ಟುಕೊಳ್ಳಬೇಡಿ. ಲ್ಯಾಂಡ್‌ಸ್ಯಾಟ್ 5ರ ಟಿಎಂ ಕ್ಯಾಮೆರಾ 2011ರ ನವೆಂಬರ್‌ನಲ್ಲಿ ನಿಂತಿತು, ಲ್ಯಾಂಡ್‌ಸ್ಯಾಟ್ 8 ಹಾರಿದ್ದು 2013ರ ಫೆಬ್ರವರಿಯಲ್ಲಿ. ನಡುವೆ ಇರುವುದು ಲ್ಯಾಂಡ್‌ಸ್ಯಾಟ್ 7 ಮಾತ್ರ, ಅದರ ಸ್ಕ್ಯಾನ್ ಲೈನ್ ಸರಿಪಡಕ 2003ರ ಮೇ 31ರಂದೇ ಕೆಟ್ಟಿತ್ತು. ಪ್ರತಿ ಚಿತ್ರದ ಸುಮಾರು ಶೇ 22 ಭಾಗ ಕಪ್ಪು ಗೆರೆಗಳು. ನಡುವಿನ ಸುಮಾರು 22 ಕಿಲೋಮೀಟರ್ ಅಗಲದ ಪಟ್ಟಿ ಮಾತ್ರ ಚೆನ್ನಾಗಿರುತ್ತದೆ, 50 ಕಿಲೋಮೀಟರಿನ ಚೌಕ ಅದರಲ್ಲಿ ಹಿಡಿಸುವುದಿಲ್ಲ. ಗೆರೆ ತುಂಬುವ ಉಪಕರಣ ಪಕ್ಕದ ದಿನದ ಪಿಕ್ಸೆಲ್ ತಂದು ಅಂಟಿಸುತ್ತದೆ, ಆಗ ಎರಡನೇ ಗರಿಷ್ಠ ಎನ್‌ಡಿವಿಐ ಗೆರೆಗೆರೆಯಾಗಿಯೇ ಬರುತ್ತದೆ. 2010–11ರ ಹಂಗಾಮನ್ನೋ 2013–14ರ ಹಂಗಾಮನ್ನೋ ತೆಗೆದುಕೊಂಡು, ವರ್ಷವನ್ನು ನಕ್ಷೆಯ ಮೇಲೆ ಹಾಗೆಯೇ ಬರೆಯಿರಿ.